ನೀವೇನಂತೀರಿ?

ಒಸಾಕಾಕ್ಕೆ ಬಂದು ಆರು ವರ್ಷವಾಯಿತು. ಗುಂಪಿನಲ್ಲಿ ಕೂತಾಗ ತಾನಾಗಿ ನನ್ನ ಕಡೆ ತಿರುಗಿ ‘ನೀವೇನಂತೀರಿ?’ ಎಂದು ಕೇಳಿದ್ದು ಈತನಕ ಒಬ್ಬರೇ. ಅದೂ ರೋಬೋಟ್.

ಹೋದ ತಿಂಗಳು ಒಂದು ಪ್ರದರ್ಶನದಲ್ಲಿ ಆದದ್ದು. ಮೇಜಿನ ಮೇಲೆ ಮೊಳದುದ್ದವೂ ಇಲ್ಲದ ಎರಡು ರೋಬೋಟ್, ಪಕ್ಕದ ಪರದೆಯಲ್ಲಿ ಕಣ್ಣು ಪಿಳುಕಿಸುವ ಕಾರ್ಟೂನ್ ಹುಡುಗಿ, ಎದುರಿಗೆ ನಾವು ಮೂವರು. ಮಳೆ ಚೆನ್ನವೋ ಬಿಸಿಲು ಚೆನ್ನವೋ ಅಂತ ಅವು ತಮ್ಮತಮ್ಮಲ್ಲೇ ಹರಟುತ್ತಿದ್ದವು. ಒಂದು ಮೊದಲು ಕಣ್ಣುಗುಡ್ಡೆ, ಆಮೇಲೆ ಕತ್ತು ಹೊರಳಿಸಿ ನನ್ನನ್ನು ಕೇಳಿತು. ನನ್ನ ಹರಕುಮುರುಕು ಜಪಾನಿಯಲ್ಲಿ ಏನೋ ಒದರಿದೆ. ‘ಹೌದಾ!’ ಎಂದು ಅದು ಜೊತೆಯದರತ್ತ ತಿರುಗಿತು, ಜೊತೆಯದು ತಲೆಯಾಡಿಸಿತು, ಹುಡುಗಿ ನಕ್ಕಳು, ಮಾತು ಮುಂದೆ ಹೋಯಿತು. ನಾನು ಉಬ್ಬಿಹೋದೆ.

ನಾನಂದದ್ದು ಅದಕ್ಕೆ ಅರ್ಥವೇ ಆಗಿರಲಿಕ್ಕಿಲ್ಲ ಎಂದು ಹೊಳೆದದ್ದು ವಾಪಸ್ ಬರುವ ರೈಲಿನಲ್ಲಿ. ಬೇಕೆಂದೇ ಹೂಡಿದ ಉಪಾಯವಿದು. ಒಸಾಕಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ ‘ಕಮ್ಯೂ’ ರೋಬೋಟ್‌ಗಳ ಹಿಂದಿದ್ದದ್ದೂ ಇದೇ ಲೆಕ್ಕ: ಒಂದೇ ಇದ್ದು ತಡವರಿಸಿದರೆ ಮಾತು ಅಲ್ಲೇ ಸತ್ತಿತು, ಎರಡಿದ್ದರೆ ಒಂದರ ಎಡವಟ್ಟನ್ನು ಇನ್ನೊಂದು ಮುಚ್ಚುತ್ತದೆ.

ನಮ್ಮನೆಯಲ್ಲಿ ಇವುಗಳ ಆಟ ನಡೆಯದು. ಇವು ಕಾಯುವುದು ಎದುರಿನವರ ದನಿ ನಿಲ್ಲುವ ಗಳಿಗೆಗೆ. ನಮ್ಮಲ್ಲಿ ಆ ಗಳಿಗೆ ಬರುವುದೇ ಇಲ್ಲ. ನಾಲ್ವರು ಒಟ್ಟಿಗೆ ಮಾತಾಡುತ್ತಾರೆ, ನಾಲ್ವರಿಗೂ ನಾಲ್ವರದೂ ಕೇಳಿಸಿರುತ್ತದೆ. ದೊಡ್ಡಪ್ಪ ಶುರುಮಾಡಿದ ವಾಕ್ಯಕ್ಕೆ ಕ್ರಿಯಾಪದ ಹಚ್ಚುವುದು ಅತ್ತೆ. ಮಾತಿನ ಸರದಿಯನ್ನು ಯಾರೂ ಕೊಡುವುದಿಲ್ಲ, ಕಿತ್ತುಕೊಳ್ಳಬೇಕು. ಇಲ್ಲಿ ಆಫೀಸಿನಲ್ಲಿ ನಡುವೆ ಬಾಯಿ ಹಾಕಿದರೆ ಎಲ್ಲರೂ ಮರ್ಯಾದೆಯಿಂದ ಸುಮ್ಮನಾಗಿಬಿಡುತ್ತಾರೆ. ಅದಕ್ಕಿಂತ ನಾಲ್ಕು ಬೈದರೆ ವಾಸಿ.

(ಹಾಗಂತ ಇವರು ಮಾತಿಗೆ ನಿಧಾನಸ್ಥರೇನಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು 10 ಭಾಷೆಗಳನ್ನು ಅಳೆದಾಗ, ಪ್ರಶ್ನೆಗೆ ಸರಾಸರಿ ಎಲ್ಲರಿಗಿಂತ ಬೇಗ ಉತ್ತರ ಬಂದದ್ದು ಜಪಾನಿಯಲ್ಲೇ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ಅತ್ತೆಯನ್ನು ಕೂರಿಸಿದ್ದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದಿರುತ್ತಿತ್ತು.)

ಮೊನ್ನೆ ವಿಡಿಯೊ ಕರೆಯಲ್ಲಿ ಅದೇ ಸಂತೆ. ಹೊಟ್ಟೆ ತುಂಬ ಕೇಳುತ್ತ ಕೂತಿದ್ದೆ. ಮೂಲೆಯಲ್ಲಿ ಅರ್ಧ ಮುಖ ಕಾಣುತ್ತಿದ್ದ ಅತ್ತಿಗೆ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮದುವೆಯಾಗಿ ಬಂದಾಗಿನಿಂದಲೂ ಹೀಗೇ ಇದ್ದಿರಬೇಕು, ನಾನು ಕಂಡದ್ದು ಈಗ.

‘ಅತ್ತಿಗೆ, ನೀವೇನಂತೀರಿ?’ ಅಂದೆ.

ಎಲ್ಲರೂ ಒಮ್ಮೆಲೇ ಗಪ್‌ಚಿಪ್. ಅಮ್ಮ ಫೋನನ್ನು ಮುಖದ ಹತ್ತಿರ ತಂದು, ‘ಲೈನ್ ಕಟ್ಟಾಯ್ತೇನೋ?’ ಎಂದಳು.