ಇಡೀ ರಾತ್ರಿ ಸಿಕ್ಕಿದೆ, ಮಹಿಷಾಸುರನಿಗೆ ಅವನ ಹೊತ್ತು ಕೊಡಿ

ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದಿದ್ದ ಕಟೀಲು ಮೇಳದ ಯಕ್ಷಗಾನ ಆಟ 2024ರ ಜನವರಿಯಲ್ಲಿ ಮತ್ತೆ ಬೆಳಗಿನವರೆಗೆ ಮರಳಿತು. ಮಂಗಳೂರು-ಉಡುಪಿ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಸಿಕ್ಕಿದ ಹೊತ್ತನ್ನು ಸನ್ಮಾನ, ಭಾಷಣಗಳೇ ತಿಂದರೆ ಏನು ಪ್ರಯೋಜನ? ಅವನ್ನೆಲ್ಲ ಚೌಕಿ (ಬಣ್ಣದ ಮನೆ) ಪೂಜೆಗೆ ಮೊದಲೇ ಮುಗಿಸಿ.

'ದೇವಿ ಮಹಾತ್ಮೆ'ಯ ಮಹಿಷಾಸುರನನ್ನೇ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಬೊಟ್ಟು ಇಟ್ಟು ಮುಖದ ಮೇಲೆ ಮುಳ್ಳಿನಂತೆ ನಿಲ್ಲುವ ಚಿಟ್ಟಿಯ ಸಾಲು ಎಬ್ಬಿಸಬೇಕು. ಒಂದು ಸುತ್ತು ಒಣಗದೆ ಅದರ ಮೇಲೆ ಇನ್ನೊಂದು ಕೂರುವುದಿಲ್ಲ. ಹಿಟ್ಟು ತೆಳುವಾದರೆ ಮೊನೆ ನಿಲ್ಲದೆ ಇಳಿಯುತ್ತದೆ, ಸುಣ್ಣ ಹೆಚ್ಚಾದರೆ ಕೆನ್ನೆ ಉರಿಯುತ್ತದೆ. ಏನಿಲ್ಲೆಂದರೂ 3-4 ಗಂಟೆಯ ಕೆಲಸ. ಗಡಿಬಿಡಿ ಮಾಡಿದರೆ ಮೊದಲ ಅಬ್ಬರಕ್ಕೇ ಚಿಟ್ಟಿ ಉದುರೀತು. ಇಂಥ ರಾಕ್ಷಸರ ಬಣ್ಣದ ವೇಷಕ್ಕೆ ಆ ಹೊತ್ತು ಸಿಗುವುದು ರಂಗಸ್ಥಳದಲ್ಲಿ ಕಥೆಗೆ ಮೊದಲಿನ ಪೂರ್ವರಂಗ ಪೂರ್ತಿ ನಡೆದಾಗ, ಮಹಿಷಾಸುರನಿಗೆ ಮೊದಲು ಬರುವ ಮಧು-ಕೈಟಭರ ಭಾಗವನ್ನು ಅವಸರದಲ್ಲಿ ಮುಗಿಸದೆ ಇದ್ದಾಗ. ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ದಂಡ ಎನ್ನುವವರ ಮಾತು ಕೇಳಬೇಡಿ. ಎಳೆಯ ಕಲಾವಿದರ ಹೆಜ್ಜೆ ಗಟ್ಟಿಯಾಗುವುದೇ ಅಲ್ಲಿ.

ಮಹಿಷಾಸುರ ಬರುವುದು ಸಭೆಯ ಹಿಂದಿನಿಂದ, ದೊಂದಿ (ಪಂಜು) ಹಿಡಿದವರ ಜೊತೆ. ಕುರ್ಚಿಗಳ ನಡುವೆ 8 ಅಡಿ ದಾರಿ ಬಿಡಿ. ಗದ್ದೆಯಲ್ಲಾದರೆ ಬೈಹುಲ್ಲು ತೆಗೆಸಿ. ದಾರಿಯ ಮೇಲೆ ಬಟ್ಟೆಯ ಚಪ್ಪರ ಬೇಡವೇ ಬೇಡ. ದೊಂದಿಯ ಉರಿಗೆ ಎರಚುವ ರಾಳದ ಪುಡಿ ನಯವಾಗಿ, ಒಣಗಿ ಇದ್ದರೆ ಗಾಳಿಯಲ್ಲೇ ಭಗ್ಗೆಂದು ಉರಿದು ಮುಗಿಯುತ್ತದೆ. ಇಬ್ಬನಿಗೆ ಗಂಟುಕಟ್ಟಿದ್ದರೆ ಉರಿಯುತ್ತಲೇ ನೆಲಕ್ಕೋ, ಯಾರದೋ ಸೀರೆಗೋ ಬೀಳುತ್ತದೆ. ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ಬಕೆಟ್ ನೀರು, ಒದ್ದೆ ಗೋಣಿ ಹತ್ತಿರವೇ ಇರಲಿ. ಅಷ್ಟು ಹೊತ್ತು ಎಲ್‌ಇಡಿ ಆರಿಸಿ. ದೊಂದಿಯ ಬೆಳಕಿನಲ್ಲಿ ಕುಣಿಯುವ ಆ ಕೆಂಪು-ಕಪ್ಪು ಗೆರೆಗಳು ಬಿಳಿ ಬೆಳಕಿಗೆ ಸಪ್ಪೆಯಾಗುತ್ತವೆ.

ನಡುರಾತ್ರಿ ಕಳೆದರೆ ಇಬ್ಬನಿ ಚೆಂಡೆಯ ಚರ್ಮವನ್ನೂ ಬಿಡುವುದಿಲ್ಲ, ನಾದ ಇಳಿಯುತ್ತದೆ. ಹಿಮ್ಮೇಳದವರ ತಲೆಯ ಮೇಲೆ ಸರಿಯಾದ ಮಾಡು ಇರಲಿ.

ಧ್ವನಿವರ್ಧಕದ ವಿಷಯದಲ್ಲಿ ಮಾತ್ರ ಹಠ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ ನಿಯಮ ಇಟ್ಟ ಮಿತಿ 45 ಡೆಸಿಬೆಲ್. ಚೆಂಡೆಗೆ ಮೈಕ್ ಯಾಕೆ? ಹಾಡುವ ಭಾಗವತರಿಗೆ, ವೇಷಧಾರಿಗಳ ಮಾತಿಗೆ (ಅರ್ಥಕ್ಕೆ) ಕೊಡಿ, ಸಭೆಯ ಕಡೆ ತಿರುಗಿಸಿದ ಎರಡು ಬಾಕ್ಸ್ ಇಡಿ. ಮರಕ್ಕೆ ಕಟ್ಟುವ ಹಾರ್ನ್‌ನಿಂದ ಮಲಗಿದ ಮಗುವಿಗೂ ಕಾಯಿಲೆಯವರಿಗೂ ತೊಂದರೆ, ದೂರು ಹೋಗುವುದೂ ಅದರಿಂದಲೇ. ಹಾಗೆ ದೂರು ಬಿದ್ದು ಆಟ ಮತ್ತೆ ಕಾಲಮಿತಿಗೆ ಇಳಿದರೆ ಅದಕ್ಕೆ ಆಟ ಆಡಿಸುವ ನಾವೇ ಹೊಣೆ.