“ಸ್ಕೂಲಲ್ಲಿ ಏನೂ ತೊಂದರೆ ಇಲ್ಲ ಮೇಡಂ”

ಮಗಳ ನೀರಿನ ಬಾಟಲಿ ದಿನಾ ಸಂಜೆ ತುಂಬಿಕೊಂಡೇ ವಾಪಸ್ ಬರುತ್ತಿತ್ತು. ಬೆಳಿಗ್ಗೆ ಏಳೂಕಾಲಿಗೆ ನಾನು ತುಂಬಿಸಿದ ನೀರು ಮಧ್ಯಾಹ್ನ ಮೂರೂವರೆಗೂ ಹಾಗೇ ಇರುತ್ತಿತ್ತು. ಬೈಯುತ್ತಿದ್ದೆ. ಒಂದು ವರ್ಷಕ್ಕಿಂತ ಜಾಸ್ತಿ ಬೈದಿದ್ದೇನೆ. “ಯಾಕೆ ಕುಡೀಲಿಲ್ಲ?” ಅಂತ ದಿನಾ ಗದರಿಸಿದ್ದೇನೆ, ಆದರೆ ಒಂದು ದಿನವೂ ಪಕ್ಕದಲ್ಲಿ ಕೂತು ಕೇಳಲಿಲ್ಲ.

ಆಗ ಅವಳು ಮೂರನೇ ಕ್ಲಾಸು. ಭಾನುವಾರ ಸಂಜೆ ನಾನು ಯೂನಿಫಾರ್ಮ್ ಇಸ್ತ್ರಿಗೆ ತೆಗೆದರೆ ಸಾಕು, ಹೊಟ್ಟೆನೋವು ಶುರು. ಸೋಮವಾರ ಬೆಳಿಗ್ಗೆ ವಾಂತಿ. ಜಂತುಹುಳದ ಮಾತ್ರೆ ಆಯಿತು, ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಎಲ್ಲಾ ನಾರ್ಮಲ್. ದಸರಾ ರಜೆಯಲ್ಲಿ ಒಂದು ದಿನವೂ ನೋವಿಲ್ಲ. “ಸ್ಕೂಲ್ ತಪ್ಪಿಸೋಕೆ ನಾಟಕ” ಅಂತ ಬಂಧುಗಳು ಹೇಳಿದರು. ನಾನೂ ಅರ್ಧ ನಂಬಿದ್ದೆ.

ಸಂಜೆ ವ್ಯಾನ್ ಇಳಿದು ಬಂದವಳು ಶೂ ಕಿತ್ತೆಸೆದು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಒಂದು ಗಂಟೆ ಯಾರೂ ಮಾತಾಡಿಸುವ ಹಾಗಿಲ್ಲ. ಇದನ್ನು ಪೇರೆಂಟ್ಸ್ ಮೀಟಿಂಗಲ್ಲಿ ಹೇಳಿದರೆ ಟೀಚರ್‌ಗೆ ಆಶ್ಚರ್ಯ. “ಸ್ಕೂಲಲ್ಲಿ ಏನೂ ತೊಂದರೆ ಇಲ್ಲ ಮೇಡಂ. ಇಡೀ ಕ್ಲಾಸಲ್ಲಿ ಇವಳೇ ಸೈಲೆಂಟ್. ಮನೆಯಲ್ಲಿ ಸ್ವಲ್ಪ ಸ್ಟ್ರಿಕ್ಟ್ ಆಗಿರಿ.”

ಎರಡನೇ ಸಲ ಯೂರಿನ್ ಇನ್ಫೆಕ್ಷನ್ ಆದಾಗ ಮಕ್ಕಳ ಡಾಕ್ಟರು ಒಂದೇ ಒಂದು ಪ್ರಶ್ನೆ ಕೇಳಿದರು. “ಸ್ಕೂಲಲ್ಲಿ ಟಾಯ್ಲೆಟ್‌ಗೆ ಹೋಗ್ತೀಯಾ ಪುಟ್ಟಾ?” ಅವಳು ಉತ್ತರ ಕೊಡಲಿಲ್ಲ. ಆ ರಾತ್ರಿ ಲೈಟ್ ಆರಿಸಿದ ಮೇಲೆ, ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದಳು. ಬ್ರೇಕ್ ಬೆಲ್ ಆದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ಗುತ್ತಾರಂತೆ. ಕಬ್ಬಿಣದ ಬಾಗಿಲು ಧಡಾರ್ ಅನ್ನುತ್ತದಂತೆ. ಫಿನಾಯಿಲ್ ವಾಸನೆಗೆ ಉಸಿರು ಕಟ್ಟುತ್ತದಂತೆ. “ತಲೆ ಒಳಗೇ ಬೆಲ್ ಹೊಡೆದಂಗೆ ಆಗುತ್ತೆ ಅಮ್ಮಾ. ನೀರು ಕುಡಿದಿಲ್ಲ ಅಂದ್ರೆ ಹೋಗೋದೇ ಬೇಡ.”

ಎಂಟು ವರ್ಷದ ಮಗು ಯಾರ ಸಹಾಯವೂ ಇಲ್ಲದೆ ತನಗೆ ತಾನೇ ಹುಡುಕಿಕೊಂಡ ದಾರಿ ಅದು. ಬಾಯಾರಿಕೆ ತಡೆದುಕೊಳ್ಳುವುದು.

ಅದೇ ಡಾಕ್ಟರು ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಬರೆದುಕೊಟ್ಟರು. ಬೆಳಿಗ್ಗೆಯಿಂದ ಕಾದು ಕೂರಬೇಕು, ನಿಜ. ಆದರೆ ಅಲ್ಲಿ ಅವಳ ಮಾತನ್ನು ಆತುರವಿಲ್ಲದೆ ಕೇಳಿದರು. ಕೆಲವು ಭೇಟಿಗಳ ನಂತರ ಆಟಿಸಂ ಅಂದರು. ಅಂದರೆ ಸದ್ದು, ವಾಸನೆ, ಜನರ ಒಡನಾಟ ಇವನ್ನೆಲ್ಲ ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಗ್ರಹಿಸುವ ಸ್ಥಿತಿ. ಹೆಣ್ಣುಮಕ್ಕಳಲ್ಲಿ ಇದು ಎಷ್ಟೋ ಸಲ ತಡವಾಗಿ ಗೊತ್ತಾಗುತ್ತದೆ. ಅವರು ಪಕ್ಕದ ಮಕ್ಕಳನ್ನು ನೋಡಿ ನೋಡಿ ಹಾಗೇ ನಗುವುದು, ಹಾಗೇ ಕೂರುವುದು ಕಲಿತುಬಿಡುತ್ತಾರೆ. ಇಡೀ ದಿನದ ಶಕ್ತಿ ಅದಕ್ಕೇ ಖರ್ಚಾಗುತ್ತದೆ. ಮನೆಗೆ ಬಂದ ಮೇಲೆ ಕಿರುಚುತ್ತಾರೆ ಅಂದರೆ ಅಮ್ಮ ಮುದ್ದು ಮಾಡಿ ಕೆಡಿಸಿದ್ದಾಳೆ ಅಂತಲ್ಲ. ಅಷ್ಟು ಹೊತ್ತು ತಡೆದುಕೊಂಡಿದ್ದು ಅಲ್ಲಿ ಹೊರಗೆ ಬರುತ್ತದೆ, ಅಷ್ಟೇ.

ನನ್ನ ಅತ್ತೆ “ನಮ್ಮ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು” ಅಂತಿದ್ದವರು, ಒಂದು ವಾರ ಬಿಟ್ಟು ತಮ್ಮ ಸ್ವಂತ ತಮ್ಮನ ವಿಷಯ ತೆಗೆದರು. ಮೇಷ್ಟ್ರು ಹೊಡೆದು ಹೊಡೆದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗ. ಅವತ್ತಿನಿಂದ ಸಂಜೆ ಕುಕ್ಕರ್ ಇಡುವುದನ್ನು ಅವರೇ ನಿಲ್ಲಿಸಿದರು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಇಂಥ ಮಗು ಶಾಲೆಯಲ್ಲಿ ಸಂಕಟಪಡುತ್ತಿದೆ ಅಂದಾಗ ನಾವೆಲ್ಲ ಮೊದಲು ಮಗುವನ್ನು ರಿಪೇರಿ ಮಾಡಲು ಹೊರಡುತ್ತೇವೆ. ನಾನೂ ಅದನ್ನೇ ಮಾಡಿದೆ. ವಾರಕ್ಕೆ ಎರಡು ಥೆರಪಿ, 45 ನಿಮಿಷಕ್ಕೆ 900 ರೂಪಾಯಿ. ಅದರಿಂದ ಉಪಯೋಗ ಆಗಿಲ್ಲ ಅನ್ನಲ್ಲ, ಪೆನ್ಸಿಲ್ ಹಿಡಿತ ಎಷ್ಟೋ ಸುಧಾರಿಸಿತು. ಆದರೆ ಯಾವ ಥೆರಪಿಯೂ ಆ ಕಬ್ಬಿಣದ ಬಾಗಿಲಿನ ಸದ್ದು ಕಡಿಮೆ ಮಾಡಲ್ಲ, ಅಲ್ವಾ? ಮೊದಲು ನೋಡಬೇಕಾಗಿದ್ದು ಅವಳ ಶಾಲೆಯ ಒಂದು ದಿನವನ್ನು.

“ಸ್ಕೂಲ್ ಹೇಗಿತ್ತು?” ಅಂತ ಕೇಳಿದರೆ “ಚೆನ್ನಾಗಿತ್ತು” ಅಂತಲೇ ಹೇಳುತ್ತಿದ್ದಳು. ಅದಕ್ಕೇ ಒಂದು ಭಾನುವಾರ ದೊಡ್ಡ ಹಾಳೆಯಲ್ಲಿ ಇಬ್ಬರೂ ಸೇರಿ ಶಾಲೆಯ ನಕ್ಷೆ ಬರೆದೆವು. ಕಷ್ಟದ ಜಾಗಕ್ಕೆ ಕೆಂಪು, ನೆಮ್ಮದಿಯ ಜಾಗಕ್ಕೆ ಹಸಿರು. ಟಾಯ್ಲೆಟ್ ಕೆಂಪು. ಊಟದ ಹಾಲ್ ಕೆಂಪು. ಮೆಟ್ಟಿಲು ಕೂಡ ಕೆಂಪು, ಅಲ್ಲಿ ಎಲ್ಲರೂ ತಳ್ಳುತ್ತಾರೆ ಅಂದಳು. ಲೈಬ್ರರಿ ಹಸಿರು, ಮೈದಾನದ ಮೂಲೆಯ ಹೊಂಗೆ ಮರದ ಕೆಳಗೆ ಹಸಿರು. ಎರಡು ವರ್ಷ ಹೇಳಲಾಗದ್ದನ್ನು ಅವಳು ಅರ್ಧ ಗಂಟೆಯಲ್ಲಿ ಹೇಳಿಬಿಟ್ಟಳು. ಮಾತು ಬರುವ ಮಕ್ಕಳಿಗೂ ಮಾತಿನಲ್ಲಿ ಹೇಳುವುದು ಸುಲಭ ಇರಲ್ಲ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಇದೊಂದನ್ನು ಮಾಡಿ ನೋಡಿ.

ಆ ನಕ್ಷೆ ನೋಡಿಕೊಂಡೇ ಶಾಲೆಗೆ ಒಂದು ಪುಟದ ಪತ್ರ ಬರೆದೆ. “ದಯವಿಟ್ಟು ಸಹಕರಿಸಿ” ಅಂತ ಸುಮ್ನೆ ಬರೆದರೆ ಏನೂ ಆಗಲ್ಲ. ನಾನು ಬರೆದಿದ್ದು ಹೀಗೆ: ಬೆಲ್ ಹೊಡೆಯುವ ಐದು ನಿಮಿಷ ಮುಂಚೆ ಟಾಯ್ಲೆಟ್‌ಗೆ ಕಳಿಸಿ. ಊಟ ಲೈಬ್ರರಿಯ ಹೊರಗಿನ ಬೆಂಚಲ್ಲಿ ಮಾಡಲಿ. ಮೆಟ್ಟಿಲು ಇಳಿಯುವಾಗ ಕೊನೆಯಲ್ಲಿ ಬರಲಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂತ ಒತ್ತಾಯ ಬೇಡ. ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ.

“ಇವಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತೆ” ಅಂತ ಆಫೀಸಲ್ಲಿ ಹೇಳಿದರು. ಕೊಡಿ! ಇನ್ನೊಂದು ಮಗು ಗಲಾಟೆ ಇಲ್ಲದೆ ಟಾಯ್ಲೆಟ್‌ಗೆ ಹೋಗಿ ಬಂದರೆ ಯಾರಿಗೆ ನಷ್ಟ?

ಇದು ಬೇಡಿ ಪಡೆಯುವ ಉಪಕಾರವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಸ್ಥಿತಿಗಳಲ್ಲಿ ಆಟಿಸಂ ಇದೆ, ಡಿಸ್‌ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳೂ ಇವೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಆಯಾ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ಎಡಿಎಚ್‌ಡಿ ಅನ್ನೋ ಸ್ಥಿತಿಯನ್ನು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿಲ್ಲ. ಆ ಮಕ್ಕಳ ತಂದೆತಾಯಿ ಪಡುವ ಕಷ್ಟ ನೋಡಿದ್ದೇನೆ, ಅದು ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಟೀಚರ್‌ಗಳ ಮೇಲೆ ನನಗೆ ಕೋಪ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ತರಗತಿಗಳಿಗೆ 30 ಮಕ್ಕಳಿಗೆ ಒಬ್ಬರು ಟೀಚರ್ ಅನ್ನುತ್ತದೆ. ಮಗಳ ಕ್ಲಾಸಲ್ಲಿ 42 ಮಕ್ಕಳು. ಕೊನೆಗೆ ದಾರಿ ಮಾಡಿಕೊಟ್ಟವರು ಕ್ಲಾಸ್ ಟೀಚರೇ. ಅನುಮತಿ ಬರುವವರೆಗೂ ಕಾಯಲಿಲ್ಲ. ದಿನಾ ಹತ್ತೂ ಐದಕ್ಕೆ ಅವಳ ಡೆಸ್ಕಿನ ಮೇಲೆ ಮೆಲ್ಲಗೆ ಎರಡು ಸಲ ಬೆರಳು ತಟ್ಟುತ್ತಿದ್ದರು. ಅದು ಅವರಿಬ್ಬರ ಸನ್ನೆ. ಅವರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಭಾನುವಾರದ ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಪರೀಕ್ಷೆ ಬಂದರೆ, ಆ್ಯನುಯಲ್ ಡೇ ಬಂದರೆ ಮತ್ತೆ ಶುರು. ಅಂಥ ದಿನ ಮನೆಯಲ್ಲಿ ಇರಿಸಿಕೊಳ್ಳುತ್ತೇನೆ. ಅಟೆಂಡೆನ್ಸ್ ಕಡಿಮೆ ಆಗುತ್ತದೆ, ಆಗಲಿ. ಮಗುವಿನ ಸ್ಥಿತಿ ನೋಡಿ ದಿಕ್ಕೇ ತೋಚದೆ ಕೂತಿರುವ ತಾಯಂದಿರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಐದನೇ ಕ್ಲಾಸು. ಕ್ಲಾಸ್ ರೂಮು ಮೇಲಿನ ಮಹಡಿಗೆ ಹೋಗಿದೆ, ಟೀಚರ್ ಹೊಸಬರು. ನಿನ್ನೆ ರಾತ್ರಿ ಮತ್ತೆ ಪತ್ರ ಬರೆಯಲು ಕೂತಿದ್ದೆ. ಮಗಳು ಪಕ್ಕದಲ್ಲಿ ನಿಂತು ಒಂದೊಂದೇ ಸಾಲು ಓದಿದಳು. ಆಮೇಲೆ ಹೇಳಿದಳು: “ಫ್ಯಾನ್ ಕೆಳಗೆ ಸೀಟ್ ಬೇಡ, ಅದು ಕಿರ್ ಅನ್ನುತ್ತೆ. ಅದನ್ನೂ ಬರಿ ಅಮ್ಮಾ.”

ಬರೆದೆ.