ಹಂಡೆಯ ಲೆಕ್ಕ

ಮಲೆನಾಡಿನಲ್ಲಿ ಧನುರ್ಮಾಸದ ಬೆಳಗಿನ ಐದು ಗಂಟೆಗೆ ಬಚ್ಚಲೊಲೆಗೆ ಬೆಂಕಿ ಹಾಕುವ ಮೊದಲು ಬೆಕ್ಕುಗಳನ್ನು ಎಣಿಸಬೇಕು. ಇಡೀ ಮನೆಯಲ್ಲಿ ರಾತ್ರಿಯೆಲ್ಲ ಬೆಚ್ಚಗಿರುವ ಜಾಗ ಆ ಒಲೆಯ ಬೂದಿಯೊಂದೇ ಎಂಬುದನ್ನು ಅವು ಯಾವತ್ತೋ ಕಂಡುಹಿಡಿದುಕೊಂಡಿವೆ. ಟಾರ್ಚ್ ಬಿಟ್ಟು ನೋಡಿದರೆ ಸಾಲದು, ಬೂದಿ ಮೆತ್ತಿಕೊಂಡ ಬೆಕ್ಕು ಬೂದಿಯ ಗುಡ್ಡೆಯ ಹಾಗೇ ಕಾಣುತ್ತದೆ. ಅಡಿಕೆ ದಬ್ಬೆಯಲ್ಲಿ ಮೂಲೆಮೂಲೆ ಕೆದಕಿ, ಹೊರಬಂದ ತಲೆಗಳನ್ನು ಲೆಕ್ಕ ಹಾಕಿ, ಆಮೇಲೆ ಒಲೆಯ ಅಡಿಕೆ ಹಾಳೆಗೆ ಬೆಂಕಿಕಡ್ಡಿ ಗೀರಬೇಕು. ಎಣಿಕೆಯಲ್ಲಿ ಒಂದು ತಪ್ಪಿತೋ, ಅದು ಹೊಗೆ ಬಂದ ಕೂಡಲೆ ರಾಕೆಟ್ಟಿನಂತೆ ಹಾರಿ, ಒಣಗಲು ಹಾಕಿದ ಬಿಳೀ ಪಂಚೆಯ ಮೇಲೆ ಇಳಿಯುತ್ತದೆ. ಬಣ್ಣದ ಟವೆಲ್ ಪಕ್ಕದಲ್ಲೇ ಇದ್ದರೂ ಅದರ ಮೇಲೆ ಇಳಿದ ದಾಖಲೆಯಿಲ್ಲ.

ಒಲೆ ಹೊತ್ತಿತು, ಹಂಡೆ ಕಾಯತೊಡಗಿತು. ಈಗ ಲೆಕ್ಕ ಶುರು. ಸಾಮಾನ್ಯ ತಾಮ್ರದ ಹಂಡೆಗೆ 60 ಲೀಟರ್ ನೀರು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ಕರೆಯುವ ಮಿಶ್ರತಳಿ ಹಸು ಮೂರು. ಇಬ್ಬನಿ ಬೀಳುವ ದಿನಗಳಲ್ಲಿ ತೊಟ್ಟಿಯ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಹಸು ಅದಕ್ಕೆ ಮೂತಿ ಅದ್ದಿ, ನಿಮ್ಮ ಮುಖ ನೋಡಿ, ಹಿಂದೆ ಸರಿಯುತ್ತದೆ. ಒಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕಾದ ಪ್ರಾಣಿ ಅರ್ಧ ಕುಡಿದು ಬಿಟ್ಟರೆ, ಸಗಣಿ ಗಟ್ಟಿಯಾಗಿ, ಮೇವು ಕಡಿಮೆಯಾಗಿ, ಎರಡು ದಿನದಲ್ಲಿ ಹಾಲು ಇಳಿಯುತ್ತದೆ. ಆದ್ದರಿಂದ ಒಂದು ಬಕೆಟ್ಟಿನಲ್ಲಿ 11 ಲೀಟರ್ ತಣ್ಣೀರಿಗೆ 4 ಲೀಟರ್ ಕುದಿನೀರು, ಜೊತೆಗೆ ಒಂದು ಹಿಡಿ ಉಪ್ಪು. ಹಸುವಿಗೆ ಎರಡು ಬಕೆಟ್ಟಿನಂತೆ ಮೂರಕ್ಕೆ 24 ಲೀಟರ್ ಕುದಿನೀರು ಹೋಯಿತು. ಹಿಂಡಿ ನೆನೆಸಿ ಅಕ್ಕಚ್ಚು ಕಲಸಲು 6. ಕೆಚ್ಚಲು ತೊಳೆಯಲು 6. ಹಾಲಿನ ಕ್ಯಾನು, ಬಕೆಟ್ಟು ತಿಕ್ಕಲು 8. ಕರುವಿನ ಬಾಬ್ತು 3. ಒಟ್ಟು 47. ಉಳಿದ 13 ಲೀಟರಿನಲ್ಲಿ ಮನೆಯ ಆರು ಜನರ ಸ್ನಾನ. ‘ತೆಗೆದಷ್ಟು ತಣ್ಣೀರು ಸುರಿಯಬೇಕು’ ಎಂಬುದು ಎಲ್ಲ ಮನೆಯ ಕಾನೂನು. ಒಂದು ಚೊಂಬು ತೆಗೆದು ಒಂದು ಕೊಡಪಾನ ಸುರಿದು ಹೋಗುವವರೂ ಎಲ್ಲ ಮನೆಯಲ್ಲಿ ಇರುತ್ತಾರೆ.

“ಹಂಡೇಲಿ ನೀರಿದ್ಯೇನೆ ಮಾರಾಯ್ತಿ?”

“ಗೌರಿ ಕುಡಿದಾಗಲಿ, ತಡೀರಿ.”

ಕೆಚ್ಚಲಿನ ನೀರಿನಲ್ಲಿ ಮಾತ್ರ ಜಿಪುಣತನ ನಡೆಯುವುದಿಲ್ಲ. ತಣ್ಣನೆ ಕೈ ತಾಗಿದ ಹಸು ಬೆಚ್ಚಿ ಹಾಲು ಏರಿಸಿಕೊಳ್ಳುತ್ತದೆ. ಬಿಸಿನೀರು, ಮೆತ್ತನೆ ಕೈ ತಾಗಿದರೆ ಹಾಲಿಳಿಸುವ ಆಕ್ಸಿಟೋಸಿನ್ ಎಂಬ ರಸ ಹರಿದು ಒಂದು ನಿಮಿಷದೊಳಗೆ ಸೊರೆ ಬಿಡುತ್ತದೆ. ಆ ರಸದ ಆಟ ಐದಾರು ನಿಮಿಷ ಮಾತ್ರ. ಕೆಚ್ಚಲು ತೊಳೆದಾದ ಮೇಲೆ ‘ಅಯ್ಯೋ ಎಣ್ಣೆ ತರಲಿಲ್ಲ’ ಎಂದು ಒಳಗೆ ಓಡಿದರೆ ವಾಪಸ್ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಎಣ್ಣೆಯೂ ಸುಮ್ಮನೆ ಬರುವುದಿಲ್ಲ. 24 ಡಿಗ್ರಿಯ ಕೆಳಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿ ಕೂತಿರುತ್ತದೆ, ಕಡ್ಡಿ ಹಾಕಿ ಕೆರೆಯಬೇಕು. ಚಳಿಗೆ ಒಡೆದ ಮೊಲೆಗೆ ಸವರಲು ಅದನ್ನು ಹಿಂದಿನ ರಾತ್ರಿಯೇ ಅಗಲ ಬಾಯಿಯ ಡಬ್ಬಿಗೆ ತುಂಬಿಟ್ಟವರು ಮಾತ್ರ ಬುದ್ಧಿವಂತರು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿ. ಒರಟು ಅಂಗೈಗೆ ಹಿತವೆನಿಸಿದ್ದು ಕೆಚ್ಚಲಿಗೆ ಸುಡುತ್ತದೆ, ಉತ್ತರ ಹಿಂಗಾಲಿನಿಂದ ಬರುತ್ತದೆ.

ಬಾಲದ ವಿಚಾರ ಬೇರೆಯೇ. ಬೇಸಿಗೆಯ ಬಾಲ ಬರೀ ಬೀಸಣಿಗೆ, ಚಳಿಗಾಲದ ಬಾಲ ರಾತ್ರಿಯೆಲ್ಲ ಸಗಣಿ ಗಂಜಲದಲ್ಲಿ ನೆನೆದು ತಣ್ಣಗಾದ ಮಾಪು. ಅದು ಕಪಾಳಕ್ಕೆ ಬೀಳುವುದು ಎರಡೂ ಕೈ ಕೆಲಸದಲ್ಲಿದ್ದು ಬಾಯಿ ಆಕಳಿಕೆಗೆ ತೆರೆದಾಗಲೇ. ಬಾಲವನ್ನು ಹಸುವಿನ ಕಾಲಿಗೇ ಸಡಿಲವಾಗಿ ಕಟ್ಟಬಹುದು. ಕಂಬಕ್ಕೆ ಕಟ್ಟಬಾರದು, ಅದು ತಿರುಗಿದಾಗ ಪೆಟ್ಟಾಗುತ್ತದೆ. ಬಕೆಟ್ಟಿನ ಹಿಡಿಗೆ ಕಟ್ಟುವ ಐಡಿಯಾ ಹೊಳೆದರೆ ಒಂದು ಲೋಟ ಕಾಫಿ ಕುಡಿದು ಮತ್ತೊಮ್ಮೆ ಯೋಚಿಸಬೇಕು.

ಡೇರಿಯಲ್ಲಿ ಇನ್ನೊಂದು ಪರೀಕ್ಷೆ. ಬಿಸಿನೀರಲ್ಲಿ ತೊಳೆದ ಕ್ಯಾನನ್ನು ಬೋರಲು ಹಾಕದೆ ಆತುರದಲ್ಲಿ ಹಾಲು ಸುರಿದರೆ ತಳದಲ್ಲುಳಿದ ಅರ್ಧ ಚೊಂಬು ನೀರೂ ಸಂಘದ ಸದಸ್ಯತ್ವ ಪಡೆದು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಳಿಸುತ್ತದೆ. ಹಾಗೆಯೇ, ಆಗತಾನೆ ಕರೆದ ಬೆಚ್ಚನೆ ಹಾಲು ತೆಳು. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಅದರಲ್ಲಿ ಹೆಚ್ಚು ಮುಳುಗುತ್ತದೆ. ಉಷ್ಣತೆಯ ತಿದ್ದುಪಡಿ ಮಾಡದೆ ಓದಿದರೆ ಮಡಿಯುಟ್ಟು ಕರೆದ ಹಾಲಿಗೂ ನೀರಿನ ಅಪವಾದ ತಪ್ಪದು.

ಮಾಘದ ರಾತ್ರಿ ಕರು ಹಾಕಿತೋ, ಹಂಡೆಯ ಬಜೆಟ್ ಕುಸಿಯಿತು. ಕರುವನ್ನು ಒಣಹುಲ್ಲಿನಲ್ಲಿ, ಗೋಣಿಯಲ್ಲಿ ಗಸಗಸ ಉಜ್ಜಿ ಒಣಗಿಸಬೇಕು, ಒದ್ದೆ ಮೈಯೇ ಚಳಿಗೆ ದಾರಿ. ಒಂದು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ಸೇರಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, 25 ಕೆಜಿಯ ಕರುವಿಗೆ ಎರಡೂವರೆ ಲೀಟರ್, ಮೂರ್ನಾಲ್ಕು ಸಲಕ್ಕೆ. ರೋಗ ತಡೆಯುವ ಶಕ್ತಿಯನ್ನು ಅದರ ಕರುಳು ಹೀರಿಕೊಳ್ಳುವುದು ಸುಮಾರು ಒಂದು ದಿನ ಮಾತ್ರ. ಆದರೆ ಗಿಣ್ಣಿನ ಸುದ್ದಿ ಕೇರಿಗೆ ಹೇಗೆ ತಿಳಿಯುತ್ತದೋ, ಬೆಳಗಾಗುವುದರೊಳಗೆ ಪಾತ್ರೆಗಳು ಬಾಗಿಲಲ್ಲಿರುತ್ತವೆ. ಕರುವಿನ ಪಾಲು ಮುಗಿಯುವವರೆಗೆ ಅವು ಖಾಲಿ ಇರಲಿ. ಆಮೇಲೂ ಮೊದಲ ಹಾಲನ್ನು ಹಾಗೇ ಬೇಯಿಸಬಾರದು, ರಬ್ಬರಾಗುತ್ತದೆ. ಒಂದು ಪಾಲಿಗೆ ಎರಡು ಮೂರು ಪಾಲು ಮಾಮೂಲಿ ಹಾಲು ಬೆರೆಸಿ, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹದ. ಚಳಿ ಎಂದು ಕರುವನ್ನು ಬಚ್ಚಲ ಒಲೆಯ ಹತ್ತಿರ ಕಟ್ಟಿದರೆ ಅದು ಸೋಪು ನೆಕ್ಕಿ, ಟವೆಲ್ಲಿನ ತುದಿ ಜಗಿದು, ಸ್ನಾನಕ್ಕೆ ಬಂದವರ ಬೆರಳನ್ನು ಮೊಲೆಯೆಂದು ಭಾವಿಸುತ್ತದೆ.

ಈ ಯಾವ ಉಪಚಾರವೂ ಬೇಡದ ಪ್ರಾಣಿ ಮಲೆನಾಡು ಗಿಡ್ಡ ಎಂಬ ನಾಡತಳಿಯ ದನ. ತೂಕ ಹೆಚ್ಚೆಂದರೆ ಕ್ವಿಂಟಾಲಿನ ಆಸುಪಾಸು, ಎತ್ತರ ಮನುಷ್ಯರ ಸೊಂಟದಷ್ಟು, ಹಾಲು ಒಂದೆರಡು ಲೀಟರ್, ಬುದ್ಧಿ ಅಳತೆಗೆ ಸಿಕ್ಕಿಲ್ಲ. ಬೇಲಿಬಾಗಿಲಾದ ದಣಪೆಯ ಎರಡು ಗಳುಗಳ ನಡುವೆ ಅದು ನುಸುಳುವುದನ್ನು ನೋಡಿದವರು ಮೂರನೇ ಗಳು ಹಾಕುತ್ತಾರೆ. ಅದು ಕೊನೆಯದನ್ನು ಕೋಡಿನಿಂದ ಎತ್ತಿ ಬೀಳಿಸಿ, ಪಕ್ಕದ ಮನೆಯ ಅವರೆ ಚಪ್ಪರದ ಕೆಳಗೆ ಬೆಳದಿಂಗಳ ಊಟ ಮುಗಿಸಿ, ಬೆಳಿಗ್ಗೆ ತನ್ನ ಜಾಗದಲ್ಲೇ ನಿಂತು ಮೆಲುಕು ಹಾಕುತ್ತಿರುತ್ತದೆ.

ಇನ್ನು ದರಕು. ಕೊಟ್ಟಿಗೆಗೆ ಹಾಸಲು ಒಣಎಲೆ ಗುಡಿಸುವ ಕಾಲವೂ ರಕ್ತ ಹೀರುವ ಉಣುಗಿನ ಕಾಲವೂ ಒಂದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಹರಡುವುದು ಮುಖ್ಯವಾಗಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗು. ಇಲ್ಲಿ ತಮಾಷೆಗೆ ಜಾಗವಿಲ್ಲ. ಮೈಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ತೈಲ ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು. ಮರಳಿದ ಕೂಡಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲೇ ಸ್ನಾನ ಮಾಡಬೇಕು. ದನದ ಮೈಮೇಲಿನ ಉಣುಗಿಗೂ ಪಶುವೈದ್ಯರನ್ನು ಕೇಳಿ ಔಷಧ ಹಾಕಿಸಬೇಕು.

ಸ್ನಾನ ಎಂದೆನಲ್ಲ. ಹನ್ನೊಂದು ಗಂಟೆಗೆ ದರಕಿನ ಹೊರೆ ಇಳಿಸಿ, ತಲೆಯಿಂದ ಚಗಳಿ ಇರುವೆ ಕೊಡವಿಕೊಂಡು ಬಚ್ಚಲಿಗೆ ಬಂದರೆ ಹಂಡೆಯ ತಳದಲ್ಲಿ ಉಳಿದಿರುವುದು ಒಂದೂವರೆ ಚೊಂಬು. ಒಲೆ ಆರಿದೆ. ಮತ್ತೆ ಬೆಂಕಿ ಹಾಕಬೇಕು, ಅದಕ್ಕೂ ಮೊದಲು ದಬ್ಬೆ ಹುಡುಕಬೇಕು. ಬೂದಿಯ ಗುಡ್ಡೆ ಆಗಲೇ ನಿಧಾನಕ್ಕೆ ಉಸಿರಾಡುತ್ತಿದೆ.